ತಪಸ್ಸು ಕಾಲದಿಂದ ಪೆಂತೆಕೋಸ್ತ್ ತನಕ ದಿನದ ವಾಚನ ಓದಿ ಧ್ಯಾನ ಮಾಡೋದು ಹೇಗೆ

ಪ್ರತಿ ವರ್ಷ ವಿಭೂತಿ ಬುಧವಾರ (ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗೋ ದಿನ) ಹತ್ರ ಬರ್ತಿದ್ದ ಹಾಗೆ ಓದುಗರಿಂದ ಒಂದೇ ಪ್ರಶ್ನೆ ಬರುತ್ತೆ, ಈ ಸಲ ತಪಸ್ಸು ಕಾಲದಲ್ಲಿ ದಿನಾ ಬೈಬಲ್ ಓದ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ ಅಂತ. ತುಂಬಾ ಜನ ಆದಿಕಾಂಡ ಒಂದನೇ ಅಧ್ಯಾಯದಿಂದ ಶುರು ಮಾಡ್ತಾರೆ, ಅಬ್ರಹಾಮ, ಜೋಸೆಫ, ಮೋಶೆ ಕಥೆ ತನಕ ಚೆನ್ನಾಗಿ ಓಡುತ್ತೆ, ಯಾಜಕಕಾಂಡದ ಬಲಿ ನಿಯಮಗಳು ಬಂದ ತಕ್ಷಣ ಪುಸ್ತಕ ಕಪಾಟು ಸೇರುತ್ತೆ. ಇದು ಭಕ್ತಿ ಕಡಿಮೆ ಆಗಿದ್ದಕ್ಕಲ್ಲ, ಆರಿಸಿಕೊಂಡ ದಾರಿ ಸರಿ ಇರಲಿಲ್ಲ ಅಷ್ಟೇ.

ನನ್ನ ಉತ್ತರ ಇಷ್ಟು. ಯಾವ ಭಾಗ ಓದ್ಬೇಕು ಅನ್ನೋದನ್ನ ನೀವು ಆರಿಸೋಕೆ ಹೋಗ್ಬೇಡಿ, ಕಥೋಲಿಕ ಧರ್ಮಸಭೆ ಪ್ರತಿ ದಿನಕ್ಕೂ ಆರಿಸಿ ಇಟ್ಟಿದೆ, ಅದನ್ನೇ ಓದಿ. ಮತ್ತೆ ಈಸ್ಟರ್ ದಿನ ನಿಲ್ಲಿಸಬೇಡಿ. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರ ತನಕ ಭಾನುವಾರಗಳೂ ಸೇರಿ 46 ದಿನ, ಈಸ್ಟರ್‌ನಿಂದ ಪೆಂತೆಕೋಸ್ತ್ (ಶಿಷ್ಯರ ಮೇಲೆ ಪವಿತ್ರಾತ್ಮರು ಇಳಿದು ಬಂದ ಹಬ್ಬ) ತನಕ 50 ದಿನ, ಈ 96 ದಿನದ ವಾಚನಗಳು ಒಂದೇ ದಾರಿಯಾಗಿ ಜೋಡಿಸಿರೋವು, ಅರ್ಧಕ್ಕೆ ಬಿಟ್ರೆ ಮೊದಲರ್ಧ ಯಾಕೆ ಓದಿದ್ವಿ ಅನ್ನೋದೇ ಪೂರ್ತಿ ಗೊತ್ತಾಗಲ್ಲ.

ಬೇಕಾಗಿರೋದು ಕಡಿಮೆ: ಕಥೋಲಿಕ ಬೈಬಲ್ ಒಂದು, ದಿನದ ವಾಚನಗಳ ಪಟ್ಟಿ ಇರೋ ಕ್ಯಾಲೆಂಡರ್ ಅಥವಾ ಆ್ಯಪ್, ಒಂದು ನೋಟ್‌ಬುಕ್, ದಿನಕ್ಕೆ 20 ನಿಮಿಷ.

1. ಮೊದಲು ನಿಮ್ಮ ಬೈಬಲ್ ಯಾವುದು ಅಂತ ನೋಡ್ಕೊಳ್ಳಿ

ಕಥೋಲಿಕ ಬೈಬಲ್‌ನಲ್ಲಿ 73 ಗ್ರಂಥ ಇವೆ, ಹಳೇ ಒಡಂಬಡಿಕೆ 46, ಹೊಸ ಒಡಂಬಡಿಕೆ 27. ಪ್ರೊಟೆಸ್ಟೆಂಟ್ ಸಭೆಗಳು ಬಳಸೋ ಬೈಬಲ್‌ನಲ್ಲಿ 66. ಯಾರೋ ಕೊಟ್ಟಿದ್ದು ಅಥವಾ ಫೋನ್‌ನಲ್ಲಿ ಫ್ರೀ ಸಿಕ್ಕಿದ್ದು ಹೆಚ್ಚಾಗಿ 66ರದ್ದೇ ಆಗಿರುತ್ತೆ. ತುಂಬಾ ದಿನ ವ್ಯತ್ಯಾಸ ಗೊತ್ತಾಗಲ್ಲ, ಆದ್ರೆ ತಪಸ್ಸು ಕಾಲದಲ್ಲಿ ಕೆಲವು ದಿನ ಸಿಕ್ಕಾಕೊಳ್ತೀರ. ಮೊದಲನೇ ವಾರದ ಗುರುವಾರ ಎಸ್ತೇರ್ ರಾಣಿಯ ಪ್ರಾರ್ಥನೆ, ಮೂರನೇ ವಾರದ ಮಂಗಳವಾರ ದಾನಿಯೇಲ 3ರಲ್ಲಿ ಬೆಂಕಿ ಕುಲುಮೆ ಒಳಗಿಂದ ಅಜರ್ಯ ಮಾಡೋ ಪ್ರಾರ್ಥನೆ, ನಾಲ್ಕನೇ ವಾರದ ಶುಕ್ರವಾರ ಜ್ಞಾನಗ್ರಂಥದ 2ನೇ ಅಧ್ಯಾಯ, ಐದನೇ ವಾರದ ಸೋಮವಾರ ದಾನಿಯೇಲ 13, ಅಂದ್ರೆ ಸುಳ್ಳು ಆಪಾದನೆಗೆ ಸಿಕ್ಕಿದ ಸುಸನ್ನಳ ಕಥೆ. 66ರ ಬೈಬಲ್‌ನಲ್ಲಿ ದಾನಿಯೇಲ 12ಕ್ಕೇ ಮುಗಿದುಹೋಗುತ್ತೆ. ಕೆಲವರು ಕ್ಯಾಲೆಂಡರ್‌ನಲ್ಲಿ ಪ್ರಿಂಟ್ ತಪ್ಪಾಗಿದೆ ಅಂದ್ಕೊಂಡು ಆ ದಿನ ಬಿಟ್ಟುಬಿಡ್ತಾರೆ, ಹಾಗೆ ಮಾಡ್ಬೇಡಿ. ಕೆಲವು ಮುದ್ರಣಗಳಲ್ಲಿ ಈ ಭಾಗಗಳನ್ನ ಎರಡು ಒಡಂಬಡಿಕೆಗಳ ಮಧ್ಯೆ ಬೇರೆಯಾಗಿ ಸೇರಿಸಿರ್ತಾರೆ, ಅಲ್ಲೂ ಒಮ್ಮೆ ಹುಡುಕಿ.

2. ಇವತ್ತಿನ ವಾಚನ ಯಾವುದು ಅಂತ ತಿಳ್ಕೊಳ್ಳಿ

ವಾಚನ ಅಂದ್ರೆ ಚರ್ಚಿನ ಪೂಜೆಯಲ್ಲಿ ಓದೋ ಬೈಬಲ್ ಭಾಗ. ವಾರದ ದಿನಗಳಲ್ಲಿ ಒಂದು ವಾಚನ, ಒಂದು ಕೀರ್ತನೆ, ಒಂದು ಶುಭಸಂದೇಶ (ಯೇಸುಸ್ವಾಮಿಯ ಕಥೆ ಹೇಳೋ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಗ್ರಂಥಗಳ ಭಾಗ). ಭಾನುವಾರ ಎರಡು ವಾಚನ, ಕೀರ್ತನೆ, ಶುಭಸಂದೇಶ. ತಪಸ್ಸು ಕಾಲದ ವಾರದ ದಿನಗಳ ವಾಚನ ಎಲ್ಲಾ ವರ್ಷನೂ ಒಂದೇ, ಹಾಗಾಗಿ ಒಂದು ಸಲ ಪಟ್ಟಿ ಬರೆದಿಟ್ಟುಕೊಂಡ್ರೆ ಮುಂದಿನ ವರ್ಷಕ್ಕೂ ಆಗುತ್ತೆ. ಭಾನುವಾರಗಳು ಮಾತ್ರ ಎ, ಬಿ, ಸಿ ಅಂತ ಮೂರು ವರ್ಷದ ಚಕ್ರದಲ್ಲಿ ಬದಲಾಗ್ತವೆ. ಯಾವ ವರ್ಷ ಅಂತ ಕಂಡುಹಿಡಿಯೋಕೆ ಇಸವಿಯನ್ನ 3ರಿಂದ ಭಾಗಿಸಿ, ಶೇಷ 1 ಬಂದ್ರೆ ಎ, 2 ಬಂದ್ರೆ ಬಿ, ಏನೂ ಉಳಿಯದಿದ್ರೆ ಸಿ. 2026 ಎ, 2027 ಬಿ, 2028 ಸಿ. ಒಂದು ಮಾತು, ಧರ್ಮಸಭೆಯ ವರ್ಷ ಜನವರಿಯಲ್ಲಿ ಶುರುವಾಗಲ್ಲ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲೇ ಶುರುವಾಗುತ್ತೆ, ಆದ್ರೆ ತಪಸ್ಸು ಕಾಲಕ್ಕೆ ಈ ಲೆಕ್ಕ ಸರಿಯಾಗೇ ಬರುತ್ತೆ.

ತಾರೀಖುಗಳನ್ನ ಈಗಲೇ ಬರ್ಕೊಳ್ಳಿ. 2027ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 10, ಈಸ್ಟರ್ ಮಾರ್ಚ್ 28, ಪೆಂತೆಕೋಸ್ತ್ ಮೇ 16. 2028ರಲ್ಲಿ ಮಾರ್ಚ್ 1, ಏಪ್ರಿಲ್ 16, ಜೂನ್ 4.

ಇಲ್ಲಿ ಜನ ಎಡವೋ ಜಾಗ ಮೂರಿವೆ. ಮಾರ್ಚ್ 19 ಸಂತ ಜೋಸೆಫರ ಹಬ್ಬ, ಮಾರ್ಚ್ 25 ಮಂಗಳವಾರ್ತೆಯ ಹಬ್ಬ (ಗಬ್ರಿಯೇಲ ದೂತ ಮರಿಯಮ್ಮನವರಿಗೆ ಸುದ್ದಿ ತಂದ ದಿನ), ಆ ದಿನಗಳಲ್ಲಿ ತಪಸ್ಸು ಕಾಲದ ವಾಚನದ ಬದಲು ಹಬ್ಬದ ವಾಚನ ಇರುತ್ತೆ. 2027ರಲ್ಲಿ ಮಾರ್ಚ್ 25 ಪವಿತ್ರ ಗುರುವಾರನೇ ಆಗೋದ್ರಿಂದ ಮಂಗಳವಾರ್ತೆ ಹಬ್ಬ ಏಪ್ರಿಲ್ 5ಕ್ಕೆ ಹೋಗುತ್ತೆ. ಎರಡನೇದು, ನಿಮ್ಮ ಚರ್ಚಲ್ಲಿ ದೀಕ್ಷಾಸ್ನಾನಕ್ಕೆ ತಯಾರಾಗ್ತಿರೋ ದೊಡ್ಡವರು ಇದ್ರೆ 3, 4, 5ನೇ ಭಾನುವಾರ ಯಾವ ವರ್ಷ ಆದ್ರೂ ಎ ವರ್ಷದ ವಾಚನ ಓದಬಹುದು, ಆಗ ಕ್ಯಾಲೆಂಡರ್‌ಗೂ ಚರ್ಚಿಗೂ ಹೊಂದಿಕೆ ಆಗಲ್ಲ, ಗಾಬರಿ ಬೇಡ. ಮೂರನೇದು, ನಾನಿಲ್ಲಿ ಹೇಳ್ತಿರೋದೆಲ್ಲ ಲ್ಯಾಟಿನ್ ರೀತಿಯದ್ದು, ಅಂದ್ರೆ ಹೆಚ್ಚಿನ ಕಥೋಲಿಕ ಚರ್ಚುಗಳಲ್ಲಿ ನಡೆಯೋ ಪೂಜಾ ಪದ್ಧತಿಯದ್ದು. ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಸೀರೋ ಮಲಬಾರ್ (ಕೇರಳ ಮೂಲದ, ಬೇರೆ ಪೂಜಾ ಪದ್ಧತಿಯ ಕಥೋಲಿಕ ಸಭೆ) ಧರ್ಮಕ್ಷೇತ್ರಗಳಲ್ಲಿ ಇರೋರಿಗೆ ತಪಸ್ಸು ಕಾಲ ಸೋಮವಾರವೇ ಶುರುವಾಗುತ್ತೆ, ವಾಚನ ಪಟ್ಟಿನೂ ಬೇರೆ, ನಿಮ್ಮ ಚರ್ಚಿನ ಪಟ್ಟಿನೇ ಇಟ್ಕೊಳ್ಳಿ, ಓದೋ ವಿಧಾನ ಮಾತ್ರ ಇದನ್ನೇ ಬಳಸಬಹುದು. ದುಬೈ, ಲಂಡನ್, ಟೊರೊಂಟೊದಲ್ಲಿ ಕನ್ನಡ ಪೂಜೆ ಸಿಗದೆ ಇಂಗ್ಲಿಷ್ ಪೂಜೆಗೆ ಹೋಗೋರಿಗೆ ಒಂದು ಅನುಕೂಲ ಇದೆ, ಊರಲ್ಲಿ ಅಮ್ಮ ಓದೋ ಭಾಗ ಮತ್ತು ನೀವು ಅಲ್ಲಿ ಕೇಳೋ ಭಾಗ ಹೆಚ್ಚಿನ ದಿನ ಒಂದೇ ಆಗಿರುತ್ತೆ, ಮನೇಲಿ ಕನ್ನಡದಲ್ಲಿ ಓದಿಕೊಂಡು ಹೋಗಿ.

3. ಹೊತ್ತು ಗೊತ್ತು ಮಾಡ್ಕೊಳ್ಳಿ

ಆಗಲೇ ಇರೋ ಒಂದು ಅಭ್ಯಾಸಕ್ಕೆ ಸೇರಿಸಿ, ಬೆಳಗ್ಗೆ ಕಾಫಿ ಆದ್ಮೇಲೆ, ಅಥವಾ ಸಂಜೆ ಜಪಸರ ಮುಗಿದ ತಕ್ಷಣ. ರಾತ್ರಿ ಮಲಗೋ ಮುಂಚೆ ಅಂತ ಇಟ್ಕೊಂಡೋರಲ್ಲಿ ಹೆಚ್ಚಿನವರು ಎರಡನೇ ವಾರಕ್ಕೇ ಬಿಡ್ತಾರೆ. ಫೋನ್‌ನಲ್ಲಿ ಓದೋದಾದ್ರೆ ನೆಟ್ ಆಫ್ ಮಾಡಿ. ಒಂದು ದಿನ ತಪ್ಪಿತು ಅಂದ್ರೆ ಹಿಂದಿಂದು ಓದೋಕೆ ಹೋಗ್ಬೇಡಿ, ಇವತ್ತಿನದ್ದು ಓದಿ, ಬಾಕಿ ಬೆಳೆಸಿಕೊಂಡೋರೇ ಕೊನೆಗೆ ಪೂರ್ತಿ ನಿಲ್ಲಿಸೋದು.

4. ಓದೋ ವಿಧಾನ

ಸನ್ಯಾಸಿ ಮಠಗಳಲ್ಲಿ ಹಿಂದಿನಿಂದ ಬಂದಿರೋ ವಿಧಾನಕ್ಕೆ ಲೆಕ್ಸಿಯೊ ದಿವೀನಾ ಅಂತಾರೆ, ಅಂದ್ರೆ ಪ್ರಾರ್ಥನೆಯಾಗಿ ಓದೋದು. 12ನೇ ಶತಮಾನದಲ್ಲಿ ಎರಡನೇ ಗ್ವಿಗೊ ಅನ್ನೋ ಕಾರ್ಥೂಸಿಯನ್ ಸನ್ಯಾಸಿ ಇದನ್ನ ನಾಲ್ಕು ಮೆಟ್ಟಿಲು ಮಾಡಿ ಬರೆದಿಟ್ರು: ಓದೋದು, ಮನನ ಮಾಡೋದು, ಪ್ರಾರ್ಥಿಸೋದು, ಸುಮ್ಮನೆ ದೇವರ ಮುಂದೆ ಇರೋದು. 2010ರಲ್ಲಿ ಪೋಪ್ 16ನೇ ಬೆನೆದಿಕ್ತರು ಇದನ್ನ ಎಲ್ಲಾ ವಿಶ್ವಾಸಿಗಳಿಗೂ ಶಿಫಾರಸು ಮಾಡಿದಾಗ, ಓದು ಬದುಕಲ್ಲಿ ಕ್ರಿಯೆಯಾಗೋ ತನಕ ಮುಗಿಯಲ್ಲ ಅಂತಾನೂ ಸೇರಿಸಿದ್ರು. ಹೆಸರು ದೊಡ್ಡದು, ಮಾಡೋದು ಸುಲಭ. ಎ ವರ್ಷದ ಮೂರನೇ ಭಾನುವಾರದ ಶುಭಸಂದೇಶ, ಯೊವಾನ್ನ 4:5-42, ಸಮಾರ್ಯದ ಮಹಿಳೆಯ ಕಥೆ ಇಟ್ಕೊಂಡು ಮಾಡಿ ನೋಡೋಣ.

ಓದಿ. ಒಂದು ಸಣ್ಣ ಪ್ರಾರ್ಥನೆ ಮಾಡಿ, ಪವಿತ್ರಾತ್ಮರೇ ಅರ್ಥ ಮಾಡಿಸಿ ಅಂದ್ರೂ ಸಾಕು. ಆಮೇಲೆ ಜೋರಾಗಿ, ನಿಧಾನಕ್ಕೆ, ಎರಡು ಸಲ ಓದಿ. ಕಣ್ಣಲ್ಲಿ ಓದಿದ್ರೆ ಗೊತ್ತಿರೋ ಕಥೆ ಅಂತ ಜಾರಿ ಹೋಗ್ತೀವಿ, ಬಾಯಲ್ಲಿ ಓದಿದಾಗ ತಡೆಯುತ್ತೆ. ಈ ಹಂತದಲ್ಲಿ ಪಾಠ ಹುಡುಕಬೇಡಿ, ಏನಿದೆ ಅದನ್ನಷ್ಟೇ ನೋಡಿ. ಮಧ್ಯಾಹ್ನದ ಹೊತ್ತು. ಯೇಸುಸ್ವಾಮಿ ನಡೆದು ದಣಿದು ಬಾವಿ ಹತ್ರ ಕೂತಿದಾರೆ. ಶಿಷ್ಯರು ಊಟ ತರೋಕೆ ಊರೊಳಗೆ ಹೋಗಿದಾರೆ. ನೀರು ಕೇಳ್ತಿರೋದು ಅವರು, ಕೊಡಬೇಕಾಗಿರೋದು ಅವಳು. ಯೆಹೂದ್ಯರಿಗೂ ಸಮಾರ್ಯದವರಿಗೂ ಹೋಗಿಬರೋದು ಇಲ್ಲ. ಕೊನೆಗೆ ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಓಡ್ತಾಳೆ. ಊರಿನವರು ಕರೆದಿದ್ದಕ್ಕೆ ಯೇಸುಸ್ವಾಮಿ ಎರಡು ದಿನ ಅಲ್ಲೇ ಉಳ್ಕೊಳ್ತಾರೆ, ಈ ಎರಡು ದಿನದ ಮಾತು ನಮ್ಮಲ್ಲಿ ಎಷ್ಟೋ ಜನ ಗಮನಿಸಿರಲ್ಲ.

ಮನನ ಮಾಡಿ. ಯಾವ ಮಾತು ನಿಮ್ಮನ್ನ ಹಿಡಿದು ನಿಲ್ಲಿಸ್ತು? ಒಂದೇ ತಗೊಳ್ಳಿ. ಅವಳು ಬಿಟ್ಟುಹೋದ ಕೊಡ ಅಂತಿಟ್ಕೊಳ್ಳಿ. ದಿನಾ ಹೊತ್ತು ತರ್ತಿದ್ದಿದ್ದು, ಅದಕ್ಕಾಗಿಯೇ ಬಿಸಿಲಲ್ಲಿ ಬಂದಿದ್ದು, ಅದನ್ನೇ ಮರೆತು ಹೋಗೋ ಅಷ್ಟು ಅವಳಿಗೆ ಏನು ಸಿಕ್ತು? ನಾನು ಯಾವುದನ್ನ ದಿನಾ ಹೊತ್ಕೊಂಡು ಓಡಾಡ್ತಿದೀನಿ? ಇಷ್ಟು ಪ್ರಶ್ನೆ ಸಾಕು. ಇಲ್ಲಿ ಒಂದು ಎಚ್ಚರಿಕೆ, ಐದು ಗಂಡಂದಿರು ಅನ್ನೋ ಮಾತು ಬಂದ ತಕ್ಷಣ ಇದು ಅವಳ ಪಾಪದ ಕಥೆ ಅಂತ ತೀರ್ಮಾನ ಮಾಡಿಬಿಡೋದು ತುಂಬಾ ಕಡೆ ಕೇಳ್ತೀನಿ. ಗ್ರಂಥ ಇನ್ನೊಮ್ಮೆ ಓದಿ, ಯೇಸುಸ್ವಾಮಿ ಅವಳನ್ನ ಬೈಯೋದಿಲ್ಲ, ಇದ್ದದ್ದನ್ನ ಇದ್ದ ಹಾಗೆ ಹೇಳ್ತಾರೆ, ಅವಳೂ ನೇರ ದೇವಾರಾಧನೆಯ ಪ್ರಶ್ನೆಗೆ ಬರ್ತಾಳೆ, ಅವಳ ಮಾತಿನಿಂದ ಒಂದು ಊರೇ ನಂಬುತ್ತೆ. ಗ್ರಂಥದಲ್ಲಿ ಇಲ್ಲದ್ದನ್ನ ನಾವು ತುಂಬಿಸಿದ್ರೆ ಅದು ಧ್ಯಾನ ಆಗಲ್ಲ.

ಪ್ರಾರ್ಥಿಸಿ. ಮನಸ್ಸಿಗೆ ಬಂದಿದ್ದನ್ನ ನಿಮ್ಮ ಮನೆ ಭಾಷೆಯಲ್ಲೇ ಹೇಳಿ, ಕನ್ನಡ, ಕೊಂಕಣಿ, ತುಳು, ತಮಿಳು ಯಾವುದಾದ್ರೂ. ಪುಸ್ತಕದ ಪ್ರಾರ್ಥನೆ ಇಲ್ಲಿ ಬೇಡ. ಕೋಪ ಬಂದಿದ್ರೆ ಕೋಪನೂ ಹೇಳಿ, ಕೀರ್ತನೆಗಳಲ್ಲಿ ದೇವರ ಜೊತೆ ಜಗಳ ಆಡೋ ಮಾತುಗಳು ಎಷ್ಟಿವೆ ನೋಡಿ.

ಸುಮ್ಮನಿರಿ. ಐದು ನಿಮಿಷ. ಏನೂ ಅನ್ನಿಸದಿದ್ರೂ ಎದ್ದು ಹೋಗ್ಬೇಡಿ. ಏನೂ ಅನುಭವ ಆಗ್ಲಿಲ್ಲ, ನನಗೆ ಧ್ಯಾನ ಬರಲ್ಲ ಅಂತ ಬರೆಯೋರು ತುಂಬಾ ಜನ ಇದಾರೆ, ಅನುಭವ ಆಗೋದು ಬಿಡೋದು ನಿಮ್ಮ ಕೈಲಿಲ್ಲ, ಕೂತಿರೋದು ಮಾತ್ರ ನಿಮ್ಮ ಕೈಲಿದೆ.

5. ಮೊದಲ ವಾಚನಕ್ಕೂ ಶುಭಸಂದೇಶಕ್ಕೂ ಇರೋ ನಂಟು ಹುಡುಕಿ

ಇದು ನನಗೆ ತುಂಬಾ ಇಷ್ಟದ ಭಾಗ. ತಪಸ್ಸು ಕಾಲದಲ್ಲಿ ಈ ಎರಡನ್ನ ಎಷ್ಟು ಯೋಚನೆ ಮಾಡಿ ಜೋಡಿಸಿದಾರೆ ಅಂದ್ರೆ ಒಂದನ್ನ ಓದಿದ್ರೆ ಇನ್ನೊಂದು ತಾನೇ ಬಿಚ್ಚಿಕೊಳ್ಳುತ್ತೆ. ಸಮಾರ್ಯದ ಮಹಿಳೆಯ ಭಾನುವಾರ ಮೊದಲ ವಾಚನ ವಿಮೋಚನಾಕಾಂಡ 17, ಮರುಭೂಮಿಯಲ್ಲಿ ನೀರಿಲ್ಲದೆ ಜನ ಮೋಶೆ ಮೇಲೆ ಗೊಣಗ್ತಾರೆ, ಬಂಡೆಯಿಂದ ನೀರು ಬರುತ್ತೆ. ಕೀರ್ತನೆ 95, ಅದೇ ಮೆರೀಬಾ ಮಸ್ಸಾ ಜಾಗದ ನೆನಪು, ಇವತ್ತು ದೇವರ ದನಿ ಕೇಳಿದ್ರೆ ಹೃದಯ ಕಲ್ಲು ಮಾಡ್ಕೋಬೇಡಿ ಅಂತ. ಆಮೇಲೆ ಬಾವಿ ಕಥೆ. ನಾಲ್ಕನೇ ವಾರದ ಮಂಗಳವಾರ ನೋಡಿ, ಯೆಜೆಕಿಯೇಲ 47ರಲ್ಲಿ ದೇವಾಲಯದಿಂದ ಹರಿಯೋ ನೀರು ಹೋದಲ್ಲೆಲ್ಲ ಜೀವ ಕೊಡುತ್ತೆ, ಯೊವಾನ್ನ 5ರಲ್ಲಿ 38 ವರ್ಷದಿಂದ ಕಾಯಿಲೆ ಬಿದ್ದಿರೋನು ಕೊಳದ ಪಕ್ಕದಲ್ಲೇ ಇದ್ರೂ ನೀರಿಗೆ ಇಳಿಸೋರಿಲ್ಲ ಅಂತಾನೆ. ಎರಡನೇ ವಾರದ ಶುಕ್ರವಾರ ಅಣ್ಣಂದಿರು ಜೋಸೆಫನನ್ನ ಮಾರೋ ಕಥೆ, ಜೊತೆಗೆ ದ್ರಾಕ್ಷಿತೋಟದ ಗೇಣಿದಾರರು ಮಾಲೀಕನ ಮಗನನ್ನೇ ಕೊಲ್ಲೋ ಸಾಮತಿ (ದೃಷ್ಟಾಂತ ಕಥೆ).

ಇಷ್ಟೆಲ್ಲ ನೀರು ಯಾಕೆ ಬರುತ್ತೆ ಅಂದ್ರೆ, ತಪಸ್ಸು ಕಾಲ ಮೊದಲಿಂದಲೂ ಈಸ್ಟರ್ ರಾತ್ರಿ ದೀಕ್ಷಾಸ್ನಾನ ಪಡೆಯೋರ ತಯಾರಿ ಕಾಲ. ನಮಗೆ ಮಗುವಾಗಿದ್ದಾಗಲೇ ಆಗಿರೋದ್ರಿಂದ ಅದರ ನೆನಪಿಲ್ಲ. ಈ ವಾಚನಗಳು ಅದನ್ನ ದೊಡ್ಡವರಾದ ನಮಗೆ ಮತ್ತೆ ಮೊದಲಿಂದ ಹೇಳಿಕೊಡ್ತವೆ.

ಒಂದು ಗಮನಿಸಿ, ನಾಲ್ಕನೇ ವಾರದ ಸೋಮವಾರದಿಂದ ಶುಭಸಂದೇಶ ಬಹುತೇಕ ಯೊವಾನ್ನರದ್ದೇ, 5, 7, 8, 10ನೇ ಅಧ್ಯಾಯ ಅಂತ ಮುಂದೆ ಹೋಗುತ್ತೆ, ವಾದ ವಿವಾದ ಜಾಸ್ತಿ ಆಗ್ತಾ ಹೋಗುತ್ತೆ, ಐದನೇ ವಾರದ ಶನಿವಾರಕ್ಕೆ ಯೇಸುಸ್ವಾಮಿಯನ್ನ ಕೊಲ್ಲೋ ನಿರ್ಧಾರ. ಈ ಎರಡು ವಾರ ಕಷ್ಟ, ಉದ್ದುದ್ದ ಮಾತುಗಳು, ಬಿಡಬೇಡಿ. ಅರ್ಥ ಆಗದ ದಿನ ಒಂದು ವಾಕ್ಯ ಮಾತ್ರ ಹಿಡ್ಕೊಳ್ಳಿ.

6. ಬರೀರಿ, ಒಂದು ಕೆಲಸ ಮಾಡಿ

ನೋಟ್‌ಬುಕ್‌ನಲ್ಲಿ ತಾರೀಖು, ಒಂದು ವಾಕ್ಯ, ನಿಮ್ಮದೊಂದು ಸಾಲು, ಇವತ್ತು ಮಾಡೋ ಒಂದು ಕೆಲಸ. ಪ್ರಬಂಧ ಬೇಡ.

ಕೆಲಸ ಯಾವುದು ಅಂತ ಗೊತ್ತಾಗದಿದ್ರೆ ವಿಭೂತಿ ಬುಧವಾರದ ನಂತರದ ಶುಕ್ರವಾರದ ವಾಚನ ಓದಿ, ಯೆಶಾಯ 58:1-9. ನಾವು ಉಪವಾಸ ಮಾಡಿದ್ವಿ, ನೀನ್ಯಾಕೆ ನೋಡ್ಲಿಲ್ಲ ಅಂತ ಜನ ಕೇಳ್ತಾರೆ. ಉಪವಾಸದ ದಿನವೇ ಕೂಲಿಯಾಳುಗಳನ್ನ ಹಿಂಡ್ತೀರಿ, ಜಗಳ ಆಡ್ತೀರಿ, ಹಸಿದವನಿಗೆ ಅನ್ನ ಹಂಚೋದು, ಮನೆ ಇಲ್ಲದವನನ್ನ ಮನೆಗೆ ಕರೆಯೋದು, ಬಟ್ಟೆ ಇಲ್ಲದವನಿಗೆ ಬಟ್ಟೆ ಕೊಡೋದು, ಅನ್ಯಾಯದ ಕಟ್ಟು ಬಿಚ್ಚೋದು ನಾನು ಇಷ್ಟಪಡೋ ಉಪವಾಸ ಅಂತ ದೇವರ ಉತ್ತರ. ಮಾಂಸ ಬಿಟ್ಟಿದೀನಿ, ಚಪ್ಪಲಿ ಬಿಟ್ಟಿದೀನಿ ಅನ್ನೋರು, ಮನೆ ಕೆಲಸಕ್ಕೆ ಬರೋರ ಸಂಬಳ ಹೊತ್ತಿಗೆ ಸರಿಯಾಗಿ ಕೊಟ್ಟಿದೀನಾ ಅಂತಾನೂ ಆ ದಿನ ಕೇಳ್ಕೊಳ್ಳಿ. ಈ ಅಧ್ಯಾಯ ತುಂಬಾ ಗಟ್ಟಿ, ಅದಕ್ಕೇ ಧರ್ಮಸಭೆ ಇದನ್ನ ಶುರುವಲ್ಲೇ ಇಟ್ಟಿರೋದು ಅಂತ ನನಗನ್ಸುತ್ತೆ. ಬರೆದಿದ್ದನ್ನ ಎಲ್ಲರಿಗೂ ಕಳಿಸೋದು ಬೇಡ, ಗುಟ್ಟಾಗಿ ದಾನ ಮಾಡಿ, ಬಾಗಿಲು ಹಾಕ್ಕೊಂಡು ಪ್ರಾರ್ಥಿಸಿ ಅಂತ ವಿಭೂತಿ ಬುಧವಾರದ ಶುಭಸಂದೇಶದಲ್ಲೇ (ಮತ್ತಾಯ 6) ಇದೆ.

7. ಪವಿತ್ರ ವಾರಕ್ಕೆ ಬೇರೆ ಪ್ಲ್ಯಾನ್

ಗರಿಗಳ ಭಾನುವಾರ (ಈಸ್ಟರ್‌ಗೆ ಒಂದು ವಾರ ಮುಂಚೆ) ಪಾಡುಗಳ ವೃತ್ತಾಂತ, ಅಂದ್ರೆ ಯೇಸುಸ್ವಾಮಿಯ ಬಂಧನದಿಂದ ಸಮಾಧಿ ತನಕದ ಕಥೆ, ಆ ವರ್ಷದ ಶುಭಸಂದೇಶಕಾರರದ್ದು ಓದ್ತಾರೆ, ಎ ವರ್ಷ ಮತ್ತಾಯ, ಬಿ ಮಾರ್ಕ, ಸಿ ಲೂಕ. ಶುಭ ಶುಕ್ರವಾರ ಯಾವಾಗಲೂ ಯೊವಾನ್ನ 18 ಮತ್ತು 19. ಎರಡನ್ನೂ ಕಲಸಿ ಒಂದೇ ಕಥೆ ಮಾಡ್ಬೇಡಿ. ಮಾರ್ಕರಲ್ಲಿ ಯೇಸುಸ್ವಾಮಿ ಶಿಲುಬೆ ಮೇಲೆ ಕೀರ್ತನೆ 22ರ ಮೊದಲ ಮಾತನ್ನ ಕೂಗ್ತಾರೆ, ದೇವರೇ ನನ್ನನ್ಯಾಕೆ ಕೈಬಿಟ್ಟೆ ಅಂತ. ಯೊವಾನ್ನರಲ್ಲಿ ಎಲ್ಲಾ ನೆರವೇರಿತು ಅಂತ ಹೇಳಿ ಪ್ರಾಣ ಬಿಡ್ತಾರೆ. ಶಿಲುಬೆಯ ಏಳು ಮಾತುಗಳು ಅಂತ ಪ್ರಸಂಗ ಕೇಳಿರ್ತೀರಲ್ಲ, ಅದರಲ್ಲಿ ಮೂರು ಲೂಕರದ್ದು, ಮೂರು ಯೊವಾನ್ನರದ್ದು, ಒಂದು ಮತ್ತಾಯ ಮತ್ತು ಮಾರ್ಕ ಇಬ್ಬರಲ್ಲೂ ಇದೆ. ಒಬ್ಬೊಬ್ಬರದ್ದೂ ಬೇರೆ ಬೇರೆಯಾಗಿ ಕೇಳಿಸ್ಕೊಂಡ್ರೆ ನೋವಿನ ಎರಡು ಮುಖನೂ ಕಾಣುತ್ತೆ.

ಉದ್ದದ ವೃತ್ತಾಂತ ಓದುವಾಗ ಒಬ್ಬರನ್ನ ಆರಿಸ್ಕೊಂಡು ಅವರ ಜೊತೆ ನಡೀರಿ. ಅಂಗಳದಲ್ಲಿ ಬೆಂಕಿ ಕಾಯಿಸ್ತಿರೋ ಪೇತ್ರ, ದೂರ ನಿಂತು ನೋಡ್ತಿರೋ ಹೆಂಗಸರು, ಹೊಲದಿಂದ ಬರ್ತಿದ್ದಾಗ ಹಿಡಿದು ಶಿಲುಬೆ ಹೊರಿಸಿದ ಸಿರೇನಿನ ಸಿಮೋನ. ಅವನಿಗೆ ಅಲೆಕ್ಸಾಂಡರ್, ರೂಫ ಅಂತ ಇಬ್ಬರು ಮಕ್ಕಳಿದ್ರು ಅಂತ ಮಾರ್ಕ ಒಬ್ಬರೇ ಹೇಳೋದು. ಸೋಮ, ಮಂಗಳ, ಬುಧವಾರಗಳಲ್ಲಿ ಯೆಶಾಯ ಗ್ರಂಥದ ಸೇವಕನ ಹಾಡುಗಳು ಬರ್ತವೆ (ನಿರಪರಾಧಿಯಾಗಿ ನೋವುಣ್ಣೋ ದೇವರ ಸೇವಕನ ಬಗ್ಗೆ ನಾಲ್ಕು ಹಾಡು), 42, 49, 50ನೇ ಅಧ್ಯಾಯ, ನಾಲ್ಕನೇದು ಶುಭ ಶುಕ್ರವಾರ, 52:13ರಿಂದ 53 ಮುಗಿಯೋ ತನಕ. ಶಿಲುಬೆ ಹಾದಿಗೆ ಹೋಗೋ ಮುಂಚೆ ಆ ನಾಲ್ಕನೇದನ್ನ ಓದ್ಕೊಂಡು ಹೋಗಿ.

ಒಂದು ಗಂಭೀರ ಎಚ್ಚರಿಕೆ ಇದೆ. ಯೊವಾನ್ನರ ವೃತ್ತಾಂತದಲ್ಲಿ ಯೆಹೂದ್ಯರು ಅಂತ ಮತ್ತೆ ಮತ್ತೆ ಬರುತ್ತೆ, ಅದನ್ನ ಇಡೀ ಒಂದು ಜನಾಂಗದ ಮೇಲಿನ ಆಪಾದನೆಯಾಗಿ ಓದ್ಬೇಡಿ, ಮಕ್ಕಳಿಗೂ ಹಾಗೆ ಹೇಳ್ಬೇಡಿ. ಯೇಸುಸ್ವಾಮಿ, ಮರಿಯಮ್ಮನವರು, ಪ್ರೇಷಿತರು (ಯೇಸುಸ್ವಾಮಿ ಆರಿಸಿಕೊಂಡ ಹನ್ನೆರಡು ಶಿಷ್ಯರು) ಎಲ್ಲರೂ ಯೆಹೂದ್ಯರೇ. ಯೇಸುಸ್ವಾಮಿಯ ಮರಣದ ಹೊಣೆಯನ್ನ ಆಗಿನ ಎಲ್ಲಾ ಯೆಹೂದ್ಯರ ಮೇಲಾಗಲಿ ಈಗಿನವರ ಮೇಲಾಗಲಿ ಹೊರಿಸಬಾರದು ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಪವಿತ್ರ ಶನಿವಾರ ಹಗಲು ಪೂಜೆ ಇರಲ್ಲ. ಆ ದಿನ ಮನೇಲಿ ಕೂತು ರಾತ್ರಿಯ ಪಾಸ್ಕ ಜಾಗರಣೆಗೆ ತಯಾರಿ ಮಾಡಿ. ಜಾಗರಣೆಗೆ ಹಳೇ ಒಡಂಬಡಿಕೆಯಿಂದ ಏಳು ವಾಚನ ಇವೆ: ಸೃಷ್ಟಿ, ಅಬ್ರಹಾಮನ ಬಲಿ, ಕೆಂಪು ಸಮುದ್ರ ದಾಟಿದ್ದು, ಯೆಶಾಯ 54, ಯೆಶಾಯ 55, ಬಾರೂಕ 3 ಮತ್ತು 4, ಯೆಜೆಕಿಯೇಲ 36. ಎಷ್ಟೋ ಚರ್ಚುಗಳಲ್ಲಿ ಸಮಯ ಸಾಲದೆ ಮೂರು ಓದ್ತಾರೆ, ಕೆಂಪು ಸಮುದ್ರದ್ದನ್ನ ಮಾತ್ರ ಎಂದೂ ಬಿಡೋ ಹಾಗಿಲ್ಲ. ಉಳಿದಿದ್ದನ್ನ ನೀವು ಹಗಲಲ್ಲೇ ಓದಿಕೊಂಡು ಹೋದ್ರೆ, ಕತ್ತಲಲ್ಲಿ ಮೇಣದಬತ್ತಿ ಹಿಡಿದು ನಿಂತಾಗ ನಡೀತಿರೋದೆಲ್ಲ ಅರ್ಥ ಆಗುತ್ತೆ, ನಲವತ್ತು ದಿನ ಹಾಡದೆ ಇದ್ದ ಅಲ್ಲೆಲೂಯ ಯಾಕೆ ಆಗ ಅಷ್ಟು ಜೋರಾಗಿ ಬರುತ್ತೆ ಅಂತಾನೂ.

8. ಈಸ್ಟರ್ ಸೋಮವಾರ ಪುಸ್ತಕ ಮುಚ್ಚಬೇಡಿ

ಹೆಚ್ಚಿನವರು ಇಲ್ಲೇ ನಿಲ್ಲಿಸೋದು. ಹಬ್ಬದ ಊಟ ಆಯ್ತು, ನೆಂಟರು ಬಂದು ಹೋದ್ರು, ಅಲ್ಲಿಗೆ ಮುಗೀತು. ಆದ್ರೆ ಆ ಮೊದಲ ಎಂಟು ದಿನವೂ ಈಸ್ಟರ್ ದಿನದ ಹಾಗೇ, ದಿನಕ್ಕೊಂದು ಪುನರುತ್ಥಾನದ ಕಥೆ. ಮಂಗಳವಾರ ಮಗ್ದಲದ ಮರಿಯ ಸಮಾಧಿ ಹೊರಗೆ ಅಳ್ತಾ ನಿಂತಿರೋದು, ಬುಧವಾರ ಎಮ್ಮಾವು ದಾರಿ, ಶುಕ್ರವಾರ ಕೆರೆ ದಂಡೆ ಮೇಲೆ ಮೀನು ಸುಟ್ಟು ಕಾಯ್ತಿರೋ ಯೇಸುಸ್ವಾಮಿ, ಭಾನುವಾರ ಕಣ್ಣಾರೆ ನೋಡದೆ ನಂಬಲ್ಲ ಅಂದ ಶಿಷ್ಯ ತೋಮ. ಎಂಟನ್ನೂ ಸಾಲಾಗಿ ಓದಿದಾಗ ಗೊತ್ತಾಗೋ ವಿಷಯ, ಹೆಚ್ಚಿನವರು ಅವರನ್ನ ನೋಡಿದ ತಕ್ಷಣ ಸಲೀಸಾಗಿ ನಂಬಲ್ಲ. ಹೆದರ್ತಾರೆ, ತೋಟದವನು ಅಂದ್ಕೊಳ್ತಾರೆ, ಭೂತ ಅಂದ್ಕೊಳ್ತಾರೆ, ಜೊತೆಗೇ ಮೈಲಿಗಟ್ಟಲೆ ನಡೆದ್ರೂ ಗುರುತು ಹಿಡಿಯಲ್ಲ. ನನಗೆ ವಿಶ್ವಾಸ ಕಡಿಮೆ ಅಂತ ಕೊರಗೋರಿಗೆ ಈ ವಾರದಷ್ಟು ಸಮಾಧಾನ ಕೊಡೋ ವಾರ ಇನ್ನೊಂದಿಲ್ಲ.

ಈ ಕಾಲದಲ್ಲಿ ಮೊದಲ ವಾಚನ ಹಳೇ ಒಡಂಬಡಿಕೆಯದ್ದು ಇರಲ್ಲ, ಅದರ ಬದಲು ಪ್ರೇಷಿತರ ಕಾರ್ಯಕಲಾಪಗಳು. ಬಾಗಿಲು ಹಾಕ್ಕೊಂಡು ಕೂತಿದ್ದವರು ಬೀದಿಗೆ ಬಂದ ಕಥೆ ಅದು, ಜೈಲು, ಹಡಗು, ಸಭೆಯೊಳಗಿನ ಭಿನ್ನಾಭಿಪ್ರಾಯ ಎಲ್ಲಾ ಇದೆ, ಧಾರಾವಾಹಿ ಥರ ಮುಂದುವರಿಯೋದ್ರಿಂದ ಮನೆಮಂದಿ ಎಲ್ಲ ಸೇರಿ ಓದೋಕೆ ಇದೇ ಒಳ್ಳೇ ಹೊತ್ತು. ಒಬ್ಬರು ಓದಲಿ, ಉಳಿದವರು ತಲಾ ಒಂದು ಮಾತು ಹೇಳಲಿ, ಓದೋಕೆ ಬರದ ಅಜ್ಜಿಯೂ ಹೇಳಲಿ. ಚರ್ಚಿನ ವಾರ್ಡ್ ಮೀಟಿಂಗ್‌ನಲ್ಲೂ (ಅಕ್ಕಪಕ್ಕದ ಮನೆಯವರು ಸೇರೋ ಸಭೆ) ಹೀಗೇ ಮಾಡಬಹುದು, ಒಬ್ಬರೇ ಅರ್ಧ ಗಂಟೆ ಪ್ರಸಂಗ ಮಾಡೋಕೆ ಮಾತ್ರ ಬಿಡ್ಬೇಡಿ. ಶುಭಸಂದೇಶ ಯೊವಾನ್ನರದ್ದು, ಮೂರನೇ ವಾರ ಪೂರ್ತಿ 6ನೇ ಅಧ್ಯಾಯದ ಜೀವದ ರೊಟ್ಟಿ, ಆಮೇಲಿನ ವಾರಗಳಲ್ಲಿ ಕೊನೆ ಭೋಜನದ ರಾತ್ರಿ ಆಡಿದ ಮಾತುಗಳು. ಪವಿತ್ರ ಗುರುವಾರ ಕೇಳಿದ್ದ ಅದೇ ಕೋಣೆಯ ಮಾತು ಈಗ ಬೇರೆ ಥರ ಕೇಳಿಸುತ್ತೆ, ಎರಡೂ ದಿನದ ನೋಟ್ಸ್ ಪಕ್ಕಪಕ್ಕ ಇಟ್ಟು ನೋಡಿ.

ಪೆಂತೆಕೋಸ್ತ್ ಹಿಂದಿನ ಶನಿವಾರ ಬೆಳಗ್ಗೆ ಕಾರ್ಯಕಲಾಪಗಳ 28ನೇ ಅಧ್ಯಾಯ, ಯೊವಾನ್ನ 21ರ ಕೊನೇ ವಾಕ್ಯಗಳು, ಎರಡು ಗ್ರಂಥನೂ ಒಂದೇ ದಿನ ಮುಗಿಯುತ್ತೆ. ಮಾರನೇ ದಿನ ಭಾನುವಾರ ಕಾರ್ಯಕಲಾಪಗಳು 2:1-11. ಸೋಮವಾರದಿಂದ ಸಾಧಾರಣ ಕಾಲ (ಇಂಥ ವಿಶೇಷ ಕಾಲಗಳು ಬಿಟ್ಟು ಉಳಿದ ವಾರಗಳು), ಅಲ್ಲಿ ವಾರದ ದಿನಗಳ ಮೊದಲ ವಾಚನಕ್ಕೆ ಎರಡು ವರ್ಷದ ಚಕ್ರ ಇದೆ, ಬೆಸ ಇಸವಿಗೆ ಒಂದು, ಸಮ ಇಸವಿಗೆ ಇನ್ನೊಂದು. ಕ್ಯಾಲೆಂಡರ್ ನೋಡಿ ಅಲ್ಲಿಂದಲೇ ಮುಂದುವರಿಸಿ.